ಶಾಲೆಯ ದಾರಿ ಯಾರ ಹೊಣೆ?

ಬೆಳಗಿನ ಒಂಬತ್ತು ಗಂಟೆಗೆ ಪೇಟೆ ಬೀದಿಯ ಮೂಲೆಯಲ್ಲಿ ಹತ್ತು ನಿಮಿಷ ನಿಂತವರಿಗೆ ಈ ಊರಿನ ಆಡಳಿತದ ಪರಿಚಯವು ಚೆನ್ನಾಗಿ ಆಗುತ್ತದೆ. ಗಿರಣಿಗೆ ಸರಕು ತರುವ ಲಾರಿಗಳು, ನಿಲ್ದಾಣದಿಂದ ಹೊರಬೀಳುವ ಬಸ್ಸುಗಳು, ಪಾಳಿಗೆ ಹೊತ್ತಾಯಿತೆಂದು ಓಡುವ ಸೈಕಲ್ಲು, ಮೋಟಾರು ಸೈಕಲ್ಲುಗಳು, ಇವೆಲ್ಲದರ ಸಂದಿಯಲ್ಲಿ ಬೆನ್ನಿಗೆ ಚೀಲ ಹೊತ್ತ ಮಕ್ಕಳು ದಾರಿ ಹುಡುಕಿಕೊಂಡು ಹೋಗುತ್ತಾರೆ. ನಡೆಯುವವರಿಗೆಂದು ಬಿಟ್ಟ ಜಾಗವಿಲ್ಲ. ಇರುವಲ್ಲಿ ಚರಂಡಿಯ ಚಪ್ಪಡಿ ಮುರಿದು ಬಾಯಿ ತೆರೆದಿದೆ. ಉಳ್ಳವರ ಮಕ್ಕಳು ಕಾರಿನಲ್ಲಿ ಬಂದು ಶಾಲೆಯ ಬಾಗಿಲಿಗೇ ಇಳಿಯುತ್ತಾರೆ. ಆ ಕಾರುಗಳು ನಿಲ್ಲುವುದೂ ನಡೆದು ಬರುವ ಮಗುವಿನ ದಾರಿಗೆ ಅಡ್ಡವಾಗಿಯೇ.

ಈ ಮಾತನ್ನು ಎತ್ತಿದಾಗಲೆಲ್ಲ ಅಧಿಕಾರಿಗಳು ಕೊಡುವ ಉತ್ತರ ಒಂದೇ: ಮಕ್ಕಳಿಗೆ ರಸ್ತೆ ದಾಟುವುದನ್ನು ಕಲಿಸಿರಿ. ಎಡಬಲ ನೋಡಿ ದಾಟು ಎಂದು ಹೇಳದ ಉಪಾಧ್ಯಾಯರುಂಟೇ? ಆದರೆ ಮಕ್ಕಳ ನಡುವೆ ವರ್ಷಗಟ್ಟಲೆ ಕಳೆದವರು ಬಲ್ಲರು, ಏಳು ವರ್ಷದ ಮಗುವಿಗೆ ಲಾರಿ ಕಾಣುತ್ತದೆ, ಲಾರಿಯ ವೇಗ ತಿಳಿಯುವುದಿಲ್ಲ. ಗಂಟೆಗೆ 60 ಕಿಲೋಮೀಟರು ಓಡುವ ಲಾರಿಯು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಮುಂದೆ ಬಂದಿರುತ್ತದೆ. ಚಾಲಕನು ಮಗುವನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವುದಕ್ಕೇ ಅಷ್ಟು ಹೊತ್ತು ಬೇಕು. ವೇಗವು 30ಕ್ಕೆ ಇಳಿದರೆ ಆ ದೂರವು ಅರ್ಧವಾಗುತ್ತದೆ. ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರವಂತೂ ಕಾಲುಭಾಗಕ್ಕೆ ಇಳಿಯುತ್ತದೆ. ಈ ಲೆಕ್ಕವನ್ನು ಕಲಿಯಬೇಕಾದವರು ಮಕ್ಕಳಲ್ಲ.

1988ರ ಮೋಟಾರು ವಾಹನಗಳ ಅಧಿನಿಯಮದ 112ನೆಯ ಕಲಮು ಬೇಕಾದ ಕಡೆ ವೇಗದ ಮಿತಿಯನ್ನು ಇಳಿಸಲು, 115ನೆಯದು ಬೇಕಾದ ರಸ್ತೆಯಲ್ಲಿ ಭಾರಿ ವಾಹನಗಳನ್ನು ತಡೆಯಲು ಅಧಿಕಾರ ಕೊಟ್ಟಿದೆ. ಮಂತ್ರಿಗಳು ಬರುವ ದಿನ ಒಂದು ಗಳಿಗೆಯಲ್ಲಿ ರಸ್ತೆ ಮುಚ್ಚಬಲ್ಲವರಿಗೆ, ಶಾಲೆ ಸೇರುವ ಮತ್ತು ಬಿಡುವ ಹೊತ್ತಿನಲ್ಲಿ ಸರಕಿನ ಲಾರಿಗಳನ್ನು ಊರ ಹೊರಗೆ ನಿಲ್ಲಿಸುವುದು ಏಕೆ ಅಸಾಧ್ಯ? ಗಿರಣಿಯ ಮಾಲೀಕರಿಗೆ ಗಂಟೆಹೊತ್ತಿನ ನಷ್ಟವಾಗುವುದೆಂಬುದೇ ಕಾರಣವಾದರೆ ಅದನ್ನು ಬಾಯಿಬಿಟ್ಟು ಹೇಳಲಿ.

ಇನ್ನು ಆಟೋರಿಕ್ಷಾದ ಮಾತು. ನಮ್ಮ ಓದುಗರಲ್ಲಿ ಬಹುಮಂದಿಯ ಮಕ್ಕಳು ಅದರಲ್ಲಿಯೇ ಹೋಗುವುದರಿಂದ ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಚಾಲಕನ ಎರಡು ಪಕ್ಕದಲ್ಲಿ ಒಬ್ಬೊಬ್ಬರು, ಹಿಂದಿನ ಸೀಟಿನಲ್ಲಿ ಐವರು, ಅವರೆದುರಿನ ಹಲಗೆಯ ಮೇಲೆ ನಾಲ್ವರು, ಹೊರಗೆ ತೂಗಾಡುವ ಚೀಲಗಳು. ಪೊಲೀಸರು ಹಿಡಿಯುತ್ತಾರೆ, ದಂಡ ಹಾಕುತ್ತಾರೆ. ಆ ದಂಡವನ್ನು ತುಂಬಿಕೊಳ್ಳಲು ಚಾಲಕನು ಮುಂದಿನ ತಿಂಗಳು ಇನ್ನೊಂದು ಮಗುವನ್ನು ಹತ್ತಿಸುತ್ತಾನೆ. ಅವನಿಗೂ ಗಾಡಿಯ ಸಾಲದ ಕಂತುಂಟು, ಗ್ಯಾಸಿನ ಖರ್ಚುಂಟು. ಮಕ್ಕಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದರೆ ತಿಂಗಳ ಬಾಡಿಗೆ ಇಮ್ಮಡಿಯಾಗುತ್ತದೆ. ಎರಡು ಮಕ್ಕಳಿರುವ ಗಿರಣಿ ಕಾರ್ಮಿಕನು ಅದನ್ನು ಎಲ್ಲಿಂದ ತರಬೇಕು?

ಹಾಗೆಂದು ಇದನ್ನು ಹೀಗೆಯೇ ಬಿಡಿರೆಂದು ನಾವು ಹೇಳಲಾರೆವು. 2016ರ ಜೂನ್ 21ರಂದು ಕುಂದಾಪುರದ ಬಳಿಯ ತ್ರಾಸಿಯಲ್ಲಿ ಶಾಲೆಗೆ ಮಕ್ಕಳನ್ನು ಒಯ್ಯುತ್ತಿದ್ದ ಓಮ್ನಿ ವ್ಯಾನಿಗೆ ಖಾಸಗಿ ಬಸ್ಸು ಬಡಿದು ಎಂಟು ಮಕ್ಕಳು ತೀರಿಕೊಂಡರು. ಅಗ್ಗದ ಬಾಡಿಗೆಯ ಪೂರ್ತಿ ಬೆಲೆ ಏನೆಂಬುದನ್ನು ಆ ಊರಿನ ತಾಯಂದಿರು ಬಲ್ಲರು. ಶಾಲಾ ಬಸ್ಸುಗಳ ವೇಗ, ಬಾಗಿಲು, ಚಾಲಕನ ಅನುಭವ, ಜೊತೆಗಿರಬೇಕಾದ ಸಹಾಯಕ, ಇವುಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ಆದೇಶ ಕೊಟ್ಟದ್ದೂ ದಿಲ್ಲಿಯ ವಜೀರಾಬಾದಿನಲ್ಲಿ ಬಸ್ಸೊಂದು ಯಮುನೆಗೆ ಉರುಳಿ ಮಕ್ಕಳು ಸತ್ತ ಮೇಲೆಯೇ.

ದಂಡದ ಪುಸ್ತಕದಿಂದ ಇದು ಬಗೆಹರಿಯದು. ಕಾರ್ಮಿಕರ ಕೇರಿಗಳಿಂದ ಶಾಲೆಯ ವೇಳೆಗೆ ಸರಿಯಾಗಿ ಸರ್ಕಾರದ ಬಸ್ಸು ಓಡಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ತಪ್ಪಿತು, ಒಳ್ಳೆಯದೇ. ಟಿಕೆಟ್ಟಿಲ್ಲದಿದ್ದರೂ ಕಾಲಿಡಲು ಜಾಗ ಬೇಕಲ್ಲ! ಹಳ್ಳಿಗಳಿಂದ ಬರುವ ಹುಡುಗರು ಬಾಗಿಲಿಗೆ ಜೋತುಬಿದ್ದು ಬರುತ್ತಿರುವುದು ಡಿಪೋದ ಮೇಲಧಿಕಾರಿಗಳಿಗೆ ಕಾಣದ ಸಂಗತಿಯೇನಲ್ಲ. ಬಸ್ಸು ಬರುವವರೆಗೆ ಆಟೋ ಚಾಲಕರ ಸಂಘ, ತಂದೆತಾಯಿಗಳು, ಶಾಲೆಯ ಆಡಳಿತದವರು ಕೂಡಿ ಕುಳಿತು ಮಕ್ಕಳ ಸಂಖ್ಯೆಯನ್ನೂ ಬಾಡಿಗೆಯನ್ನೂ ಗೊತ್ತುಮಾಡಲಿ. ಸಾವಿರಗಟ್ಟಲೆ ಫೀಜು ಎತ್ತುವ ಶಾಲೆಗಳು ಆ ಹೆಚ್ಚಳದಲ್ಲಿ ಪಾಲು ಹೊರಲಿ.

ವ್ಯಾಪಾರಿ ಬಂಧುಗಳಿಗೂ ಒಂದು ಮಾತು ಹೇಳಬೇಕಾಗಿದೆ, ಅವರು ಸಿಟ್ಟಾಗಬಾರದು. ತಳ್ಳುಗಾಡಿಯವರನ್ನು ಲಾಠಿ ಬೀಸಿ ಎಬ್ಬಿಸುವ ನಗರಸಭೆಯ ದಂಡಯಾತ್ರೆಗಳನ್ನು ಈ ಪತ್ರಿಕೆಯು ವಿರೋಧಿಸುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಅವರಿಗೆ ಜಾಗ ಗುರುತಿಸಿ ಕೊಡುವುದು ಉಪಕಾರವಲ್ಲ, ಕರ್ತವ್ಯ. ಆದರೆ ಅಂಗಡಿಯ ಒಳಗೆ ಹಿಡಿಸುವ ಮೂಟೆಯನ್ನೂ ಎಣ್ಣೆ ಡಬ್ಬವನ್ನೂ ಹೊರಗೆ ಸಾಲಾಗಿ ಇಟ್ಟರೆ ಮಗುವು ಬೀದಿಯ ನಡುವಿಗೆ ಇಳಿಯಲೇಬೇಕು. ಆ ಮಗುವು ಎದುರು ಅಂಗಡಿಯವರದೂ ಆಗಿರಬಹುದು. ಬೆಳಿಗ್ಗೆ ಎಂಟೂವರೆಯಿಂದ ಹತ್ತರವರೆಗೆ, ಸಂಜೆ ಮೂರೂವರೆಯಿಂದ ಐದರವರೆಗೆ ಅಂಗಡಿ ಮುಂದೆ ಮೂರಡಿ ಬಿಡುವುದರಿಂದ ಯಾರ ವ್ಯಾಪಾರವೂ ಮುಳುಗದು.

ದಾರಿಯ ಉದ್ದದ ಪ್ರಶ್ನೆಯೂ ಉಂಟು. 2009ರ ಶಿಕ್ಷಣ ಹಕ್ಕು ಕಾಯಿದೆಗೆ ಕೇಂದ್ರವು ರಚಿಸಿದ ಮಾದರಿ ನಿಯಮಗಳು ಐದನೆಯ ತರಗತಿಯವರೆಗಿನ ಮಕ್ಕಳಿಗೆ ಒಂದು ಕಿಲೋಮೀಟರಿನೊಳಗೆ, ಎಂಟರವರೆಗಿನವರಿಗೆ ಮೂರು ಕಿಲೋಮೀಟರಿನೊಳಗೆ ಶಾಲೆಯಿರಬೇಕೆನ್ನುತ್ತವೆ. ಹೊಳೆ, ಗುಡ್ಡಕುಸಿತ, ರಸ್ತೆಯಿಲ್ಲದ ಅಪಾಯವಿರುವಲ್ಲಿ ಆ ದೂರವನ್ನು ಇನ್ನೂ ಕಡಿಮೆ ಮಾಡಬೇಕೆಂದೂ ಹೇಳುತ್ತವೆ. ಕಾಗದದ ಮೇಲೆ ಇಷ್ಟೆಲ್ಲ ಇದ್ದು, 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯು ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ಕೊಚ್ಚಿಹೋದಳು. ಮಕ್ಕಳು ಕಡಿಮೆಯೆಂಬ ನೆಪದಿಂದ ಹತ್ತಿರದ ಶಾಲೆಯನ್ನು ಮುಚ್ಚಿ ದೂರದ ಶಾಲೆಗೆ ಸೇರಿಸುವವರು, ನಡುವಣ ದಾರಿಯನ್ನು ಮಳೆಗಾಲದಲ್ಲಿ ಒಮ್ಮೆ ನಡೆದು ನೋಡಿ ಸಹಿ ಹಾಕಲಿ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತೆಗಾಗಿಯೇ ಜಿಲ್ಲಾ ಸಮಿತಿಯೊಂದಿದೆ. ಶಾಲೆಗಳು ತೆರೆಯುವ ಮುನ್ನ ಅದರ ಮುಂದೆ ನಮ್ಮ ಮನವಿ ಹೋಗಲಿದೆ. ಯಾವ ತಿರುವಿನಲ್ಲಿ ಅಪಾಯ, ಯಾವ ಚರಂಡಿ ತೆರೆದಿದೆ, ಯಾವ ಕೇರಿಗೆ ಎಷ್ಟು ಗಂಟೆಗೆ ಬಸ್ಸು ಬೇಕು ಎಂಬುದನ್ನು ಆಯಾ ಕೇರಿಯವರು ಒಂದು ಚೀಟಿಯಲ್ಲಿ ಬರೆದು ಪತ್ರಿಕೆಯ ಕಚೇರಿಗೆ ತಲುಪಿಸಬೇಕು. ಬರೆಯಲು ಬಾರದವರು ಬಂದು ಹೇಳಿದರೂ ಸಾಕು, ನಾವು ಬರೆದುಕೊಳ್ಳುತ್ತೇವೆ. ಪಾಳಿ ಮುಗಿಸಿ ಬರುವವರಿಗಾಗಿ ಕಚೇರಿಯು ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ.