ವಿಶ್ವವಿದ್ಯಾಲಯದ ಗಣಕವೂ ಕನ್ನಡ ವಿಭಾಗವೂ

ಹಿಂದಿನ ತಿಂಗಳು ನಮ್ಮ ಕಾಲೇಜಿನ ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿಗಳೊಡನೆ ತಲಕಾಡಿಗೆ ಹೋಗಿದ್ದೆನು. ಮರಳಿನಲ್ಲಿ ಹೂತ ಕಾಲನ್ನು ಕಿತ್ತು ಕಿತ್ತು ಇಡುತ್ತ ಪಾತಾಳೇಶ್ವರ, ಮರುಳೇಶ್ವರಗಳ ದರ್ಶನ ಮಾಡಿಕೊಂಡು, ಕಡೆಗೆ ವಿಷ್ಣುವರ್ಧನನು ಚೋಳರಿಂದ ಊರನ್ನು ಗೆದ್ದುಕೊಂಡ ನೆನಪಿಗೆ ಕಟ್ಟಿಸಿದ ಕೀರ್ತಿನಾರಾಯಣನ ಗುಡಿಯ ನೆರಳಿಗೆ ಬಂದು ಕುಳಿತೆವು. ನನ್ನ ಚೀಲದಲ್ಲಿ ಹಳಗನ್ನಡ ಪಾಠಕ್ಕೆಂದು ಬರೆದುಕೊಂಡ ಪದಗಳ ಹಾಳೆಯೊಂದಿತ್ತು. ಹುಡುಗಿಯೊಬ್ಬಳು ತನ್ನ ಮೊಬೈಲಿನಲ್ಲಿ ಅದರ ಚಿತ್ರ ತೆಗೆದು, ಈಗ ಎಲ್ಲರ ಕೈಯಲ್ಲೂ ಇರುವ ಕೃತಕ ಬುದ್ಧಿಯ ಯಂತ್ರಕ್ಕೆ ಅರ್ಥ ಕೇಳಿದಳು. ಕ್ಷಣಮಾತ್ರದಲ್ಲಿ ಉತ್ತರ ಬಂದಿತು. ಭಾಷೆ ನಯವಾಗಿತ್ತು, ಧಾಟಿ ವಿದ್ವಾಂಸರದು. ಆದರೆ ಹಾಳೆಯಲ್ಲಿ ‘ಬಾೞ್’ ಎಂದಿದ್ದುದನ್ನು ಅದು ‘ಬಾಳ್’ ಎಂದು ಓದಿಕೊಂಡಿತ್ತು. ಹಳಗನ್ನಡದಲ್ಲಿ ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ಬದುಕೆಂದು ಹರಸಿದ ಕಡೆ ಯಂತ್ರವು ಕತ್ತಿ ಹಿರಿದಿತ್ತು!

ಹುಡುಗರು ನಕ್ಕರು. ಆ ಹುಡುಗಿ ಮಾತ್ರ ನಗದೆ, ‘ಸಾರ್, ಇದನ್ನು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲವೆ?’ ಎಂದು ಕೇಳಿದಳು. ಆಗ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಮನೆಗೆ ಬಂದ ಮೇಲೆ ಯೋಚಿಸಿದಂತೆಲ್ಲ, ಉತ್ತರ ಇಂದಿನ ಯಂತ್ರದಲ್ಲಿಲ್ಲ, ಎಪ್ಪತ್ತು ವರ್ಷಗಳ ಹಿಂದೆ ಗಣಕಯಂತ್ರವು ನಮ್ಮ ವಿದ್ಯಾಸಂಸ್ಥೆಗಳಿಗೆ ಬಂದ ಬಗೆಯಲ್ಲಿದೆ ಎಂದು ತೋರಿತು.

2025ರ ನವೆಂಬರ್ ತಿಂಗಳಲ್ಲಿ ಪ್ರೊಫೆಸರ್ ವೈದ್ಯೇಶ್ವರನ್ ರಾಜಾರಾಮನ್ ಅವರು ತೊಂಬತ್ತೆರಡರ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ದೇಶದಲ್ಲಿ ಗಣಕ ವಿಜ್ಞಾನದ ಪಾಠವನ್ನು ಕಟ್ಟಿ ನಿಲ್ಲಿಸಿದವರಲ್ಲಿ ಅವರು ಮೊದಲ ಸಾಲಿನವರು. (ಹೆಸರು ನಮ್ಮ ತಲಕಾಡಿನ ವೈದ್ಯೇಶ್ವರನನ್ನು ನೆನಪಿಗೆ ತರುತ್ತದೆ. ಊರಿಗೂ ಅವರಿಗೂ ಬೇರೆ ಸಂಬಂಧವೇನೂ ಇಲ್ಲ. ಸುದ್ದಿ ಓದಿದಾಗ ನನ್ನ ಕಣ್ಣು ಹೆಸರಿನ ಮೇಲೆ ನಿಂತಿತೆಂಬುದು ಬೇರೆ ಮಾತು.) ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿದ್ದ ಕಾಲಕ್ಕೆ, 1950ರ ದಶಕದ ನಡುವಿನಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರೈಡೌಟ್ ಎಂಬ ಪ್ರಾಧ್ಯಾಪಕರು ಅತಿಥಿಯಾಗಿ ಬಂದು ‘ಪ್ರೆಡಾ’ ಎಂಬ ಯಂತ್ರವನ್ನು ಅಲ್ಲಿ ನೆಲೆಗೊಳಿಸಿದರು. ಅದು ಅಂಕೆಗಳನ್ನು ಎಣಿಸುವ ಗಣಕವಲ್ಲ. ಒಂದು ಪರಿಮಾಣಕ್ಕೆ ಬದಲಾಗಿ ವಿದ್ಯುತ್ತಿನ ಒತ್ತಡವನ್ನೇ ನಿಲ್ಲಿಸಿ, ಅದರ ಏರಿಳಿತವನ್ನು ನೋಡಿ ಸಮೀಕರಣವನ್ನು ಬಿಡಿಸುವ ಸಾದೃಶ್ಯ ಯಂತ್ರ. ಅದಕ್ಕೆ ಬೇಕಾದ ಕೆಲವು ಅಂಗಗಳನ್ನು ಈ ವಿದ್ಯಾರ್ಥಿ ತಾನೇ ಕೈಯಾರೆ ರಚಿಸಿದರು. ಕನ್ನಡನಾಡಿನ ವಿದ್ಯಾಸಂಸ್ಥೆಯಲ್ಲಿ ಗಣಕದ ಕಥೆ ಹೀಗೆ ಬೆಸುಗೆಯ ಕಡ್ಡಿ ಹಿಡಿದ ವಿದ್ಯಾರ್ಥಿಯಿಂದ ಮೊದಲಾಯಿತೆಂಬುದು ನನಗೆ ಸ್ವಾರಸ್ಯವಾಗಿ ತೋರುತ್ತದೆ.

ಅಷ್ಟರಲ್ಲೇ, 1955ರಲ್ಲಿ, ಕಲ್ಕತ್ತೆಯಲ್ಲಿ ಮಹಾಲನೋಬಿಸರ ಸಂಖ್ಯಾಶಾಸ್ತ್ರ ಸಂಸ್ಥೆಗೆ ಇಂಗ್ಲೆಂಡಿನಿಂದ ಅಂಕೀಯ ಗಣಕವೊಂದು ಬಂದಿತು. ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯವರು ತಾವೇ ಕಟ್ಟಿದ ಗಣಕ 1960ರಲ್ಲಿ ಕೆಲಸಕ್ಕೆ ನಿಂತಿತು. 1963ರಲ್ಲಿ ಕಾನ್ಪುರದ ಐ.ಐ.ಟಿ.ಗೆ ಐ.ಬಿ.ಎಂ. 1620 ಎಂಬ ಯಂತ್ರ ಬಂದಿತು. ಕಾನ್ಪುರದ ಸಂಗತಿಯನ್ನು ಸ್ವಲ್ಪ ನಿಂತು ನೋಡಬೇಕು. ಹೆಸರಿನಲ್ಲೇ ಹಿರೇಮಗಳೂರನ್ನು ಹೊತ್ತಿದ್ದ ಎಚ್.ಕೆ. ಕೇಶವನ್, ರಾಜಾರಾಮನ್ ಮೊದಲಾದವರು ಆ ಯಂತ್ರವನ್ನು ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ. ಹೊರಗಿನ ವಿಜ್ಞಾನಿಗಳನ್ನೂ ಅಧ್ಯಾಪಕರನ್ನೂ ಕರೆಸಿ ಹತ್ತು ಹತ್ತು ದಿನಗಳ ಶಿಬಿರ ನಡೆಸಿದರು. ಬಂದವರಿಗೆ ಫೋರ್ಟ್ರಾನ್ ಭಾಷೆ ಕಲಿಸಿ, ಅವರವರ ಲೆಕ್ಕವನ್ನು ಅವರವರೇ ಯಂತ್ರಕ್ಕೆ ಒಪ್ಪಿಸುವಂತೆ ಮಾಡಿದರು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ನಾರಾಯಣಮೂರ್ತಿಯವರು ಮುಂದಿನ ಓದಿಗೆ ಹೋದದ್ದೂ ಅಲ್ಲಿಗೇ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1969ರಲ್ಲಿ ಇದಕ್ಕೆಂದೇ ಒಂದು ವಿಭಾಗವೂ ಅದರ ಬೆನ್ನಿಗೇ ಗಣಕ ಕೇಂದ್ರವೂ ಆದವು.

ಆ ಕಾಲದ ಕೆಲಸದ ಬಗೆಯನ್ನು ಇಂದಿನ ಹುಡುಗರು ನಂಬಲಾರರು. ಒಂದೊಂದು ಸಾಲಿಗೆ ಒಂದೊಂದು ರಟ್ಟಿನ ಕಾರ್ಡು. ಕಾರ್ಡಿನಲ್ಲಿ ಎಂಬತ್ತು ಮನೆಗಳು. ಅಕ್ಷರಕ್ಕೆ ತಕ್ಕ ಕಡೆ ತೂತು. ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಬರಬೇಕು, ಫಲಿತಾಂಶಕ್ಕೆ ಮಾರನೆಯ ದಿನ ಹೋಗಬೇಕು. ಒಂದು ಅಲ್ಪವಿರಾಮ ತಪ್ಪಿದ್ದರೆ ಸಿಕ್ಕುವುದು ಫಲವಲ್ಲ, ತಪ್ಪಿನ ಪಟ್ಟಿ. ಇದನ್ನು ಓದಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಗ್ರಂಥಸಂಪಾದಕರು. ತಾಳೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು ಒಂದು ಅರಸಮಾಸಕ್ಕಾಗಿ ವಾರಗಟ್ಟಲೆ ತಲೆ ಕೆಡಿಸಿಕೊಂಡವರಿಗೆ ಈ ಶಿಸ್ತು ಹೊಸದಾಗುತ್ತಿರಲಿಲ್ಲ.

ಹಾಗಾದರೆ ಅವರೇಕೆ ಆ ಕಿಟಕಿಗೆ ಹೋಗಲಿಲ್ಲ? ಗಣಕವು ಗಣಿತದವರ ಸೊತ್ತು ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಇಟಲಿಯ ರೊಬೆರ್ತೊ ಬೂಸಾ ಎಂಬ ಪಾದ್ರಿ 1949ರಲ್ಲೇ ಐ.ಬಿ.ಎಂ. ಸಂಸ್ಥೆಯ ಬಾಗಿಲು ತಟ್ಟಿ, ಸಂತ ತೋಮಸರ ಲ್ಯಾಟಿನ್ ಗ್ರಂಥಗಳ ಪದಪದಕ್ಕೂ ಸೂಚಿ ಮಾಡುವ ಕೆಲಸಕ್ಕೆ ಯಂತ್ರವನ್ನು ಒಡ್ಡಿದ್ದನು. ಲಿಪಿಯ ತೊಡಕೂ ಪೂರ್ತಿ ನೆಪವಾಗಲಾರದು. ಅಂದಿನ ಯಂತ್ರಗಳಿಗೆ ರೋಮನ್ ಅಕ್ಷರದ ಹೊರತು ಬೇರೆ ತಿಳಿಯದೆಂಬುದು ನಿಜ. ಆದರೆ ಐರಾವತಂ ಮಹಾದೇವನ್ ಅವರು ಯಾರೂ ಓದಲಾಗದ ಸಿಂಧೂ ಲಿಪಿಯ ಒಂದೊಂದು ಚಿಹ್ನೆಗೂ ಒಂದೊಂದು ಸಂಖ್ಯೆ ಕೊಟ್ಟು, ಟಾಟಾ ಸಂಸ್ಥೆಯ ಗಣಕದ ನೆರವಿನಿಂದ ಸಿದ್ಧಪಡಿಸಿದ ಸೂಚಿಯನ್ನು 1977ರಲ್ಲಿ ಹೊರತಂದರು. ಅದಕ್ಕೆ ಒಂದೇ ವರ್ಷ ಮೊದಲು, 1976ರಲ್ಲಿ, ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯವರು ‘ಎಪಿಗ್ರಾಫಿಯ ಕರ್ನಾಟಿಕ’ದ ಪರಿಷ್ಕೃತ ಐದನೆಯ ಸಂಪುಟವನ್ನು ಪ್ರಕಟಿಸಿದ್ದರು. ನಮ್ಮ ತಿರುಮಕೂಡಲು ನರಸೀಪುರ ತಾಲ್ಲೂಕಿನ ಶಾಸನಗಳು ಇರುವುದು ಅದರಲ್ಲಿ. 1894ರಲ್ಲಿ ರೈಸ್ ಸಾಹೇಬರು ಅಚ್ಚು ಹಾಕಿಸಿದ್ದ ಪಾಠಗಳನ್ನು ಮತ್ತೆ ಕಲ್ಲಿನೆದುರು ನಿಂತು ತಿದ್ದಿದ ಮಹಾಕಾರ್ಯವದು. ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳು 1970ರಿಂದ 1995ರವರೆಗೆ ಹೊರಬಂದದ್ದು ಕೈಬರಹದ ಚೀಟಿಗಳ ಬಲದಿಂದಲೇ. ಗಣಕಕ್ಕೆ ಉಣಿಸಲು ಇದಕ್ಕಿಂತ ಹದವಾದ ಸಾಮಗ್ರಿ ಯಾವ ಶಾಸ್ತ್ರದವರ ಬಳಿಯಲ್ಲಿತ್ತು? ಆದರೂ ಚೀಟಿಯ ಪೆಟ್ಟಿಗೆ ಒಂದು ದಾರಿ ಹಿಡಿಯಿತು, ಕಾರ್ಡಿನ ಕಟ್ಟು ಇನ್ನೊಂದು. ಗುರುಗಳನ್ನು ದೂಷಿಸಲು ಈ ಮಾತು ಹೇಳುತ್ತಿಲ್ಲ. ಹಣ, ಅಧಿಕಾರ, ಆಹ್ವಾನ ಎಲ್ಲವೂ ಬೇರೆ ಕಡೆ ಇದ್ದವು. 1980ರ ದಶಕದ ಆದಿಯಲ್ಲಿ ಎಂಜಿನಿಯರಿಂಗ್ ಓದದವರಿಗೂ ಗಣಕದ ಬಾಗಿಲು ತೆರೆಯಲೆಂದು ಎಂ.ಸಿ.ಎ. ಪದವಿ ಬಂದಾಗಲೂ ಕನ್ನಡದ ವಿದ್ಯಾರ್ಥಿ ಆ ಹೊಸ್ತಿಲ ಹೊರಗೇ ಉಳಿದನು.

ಇದರ ಬೆಲೆಯನ್ನು ಒಂದೇ ಒಂದು ಅಕ್ಷರದಲ್ಲಿ ತೋರಿಸಬಲ್ಲೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯುನಿಕೋಡ್ ಎಂಬ ಏರ್ಪಾಟು 1991ರಲ್ಲಿ ಮೊದಲಾಯಿತಷ್ಟೆ. ಅದರಲ್ಲಿ ನಮ್ಮ ‘ೞ’ಕಾರಕ್ಕೂ ಒಂದು ಮನೆ ದೊರೆಯಿತು. ಆದರೆ ಮನೆಯ ಬಾಗಿಲಿನ ಮೇಲೆ ಬರೆದ ಹೆಸರು ‘ಫ’ ಎಂದು! ಕೇಶಿರಾಜನ ಹೆಸರು ಕೇಳಿದ ಎಂ.ಎ. ವಿದ್ಯಾರ್ಥಿಯೊಬ್ಬನು ಆ ಪಟ್ಟಿಯ ಮೇಲೆ ಕಣ್ಣಾಡಿಸಿದ್ದರೂ ಈ ಪ್ರಮಾದ ನುಸುಳುತ್ತಿರಲಿಲ್ಲವೆಂದು ನನ್ನ ನಂಬಿಕೆ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಾಯಿಸಬಾರದೆಂಬುದು ಯುನಿಕೋಡಿನ ಕಟ್ಟಳೆ. ಆದುದರಿಂದ ತಪ್ಪು ಹೆಸರು ಹಾಗೆಯೇ ಇದೆ, ಸರಿಯಾದ ಹೆಸರು ಪಕ್ಕದಲ್ಲಿ ಉಪನಾಮವಾಗಿ ನಿಂತಿದೆ. ಗಣಕದ ಒಳಗೆ ಎಲ್ಲವೂ ಸಂಖ್ಯೆಯಿಂದ ನಡೆಯುವುದರಿಂದ ಕೆಲಸವೇನೂ ಕೆಡುವುದಿಲ್ಲ. ಆದರೂ ಮರ್ಯಾದೆಯ ಮಾತೊಂದಿದೆಯಲ್ಲ?

ನನ್ನ ಸ್ವಂತ ನಷ್ಟವೂ ಇದೇ ಜಾತಿಯದು. 2004ರಲ್ಲಿ ಎಂ.ಎ. ಪದವಿಗೆಂದು ಈ ಸೀಮೆಯ ಶಾಸನಗಳ ಭಾಷೆಯ ಮೇಲೆ ಒಂದು ಕಿರುಪ್ರಬಂಧ ಬರೆದು, ಮೈಸೂರಿನ ಬೆರಳಚ್ಚಿನ ಅಂಗಡಿಯಲ್ಲಿ ಗಣಕದಲ್ಲಿ ಹೊಡೆಸಿದ್ದೆ. ಬೆರಳಚ್ಚಿನವರ ಅಕ್ಷರಮಾಲೆಯಲ್ಲಿ ‘ೞ’ವೂ ಇರಲಿಲ್ಲ, ‘ಱ’ವೂ ಇರಲಿಲ್ಲ. ‘ಳ ಹಾಕಲಾ ಸಾರ್?’ ಎಂದರು, ದಿನ ಮೀರುತ್ತಿತ್ತು, ‘ಹಾಕಿ’ ಎಂದೆ. ಆ ಅಳುಕು ಇನ್ನೂ ಹೋಗಿಲ್ಲ. ಕೆಲವು ವರ್ಷಗಳ ಮೇಲೆ ಆ ಕಡತವನ್ನು ತೆರೆದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ಅಂದಿನ ಕನ್ನಡ ಅಕ್ಷರಮಾಲೆಗಳು ಬಹುಮಟ್ಟಿಗೆ ವೇಷಧಾರಿಗಳು: ಗಣಕದ ಪಾಲಿಗೆ ಒಳಗಿದ್ದುದು ರೋಮನ್ ಅಕ್ಷರ, ಪರದೆಯ ಮೇಲೆ ಮಾತ್ರ ಕನ್ನಡದ ಚಿತ್ರ. ವೇಷ ಕಳಚಿದೊಡನೆ ನಾಲ್ಕು ತಿಂಗಳ ದುಡಿಮೆ ತಲಕಾಡಿನ ಗುಡಿಯಂತೆ ಹೂತುಹೋಗಿತ್ತು. ಎಷ್ಟು ಕಾಲೇಜುಗಳ, ಎಷ್ಟು ಪ್ರಕಾಶಕರ ಕನ್ನಡ ಹೀಗೆ ಹೂತಿದೆಯೋ! ಮಾರ್ಪಡಿಸುವ ತಂತ್ರಗಳು ಈಗ ಇವೆ, ನಿಜ. ಆದರೆ ಅವು ಮಾರ್ಪಡಿಸಿದ್ದನ್ನು ಓದಿ ತಿದ್ದುವವರು ಬೇಕು.

ಎಲ್ಲರೂ ಕೈಕಟ್ಟಿ ಕುಳಿತಿದ್ದರೆಂದು ಹೇಳಿದರೆ ಅನ್ಯಾಯವಾದೀತು. ಕಿನ್ನಿಕಂಬಳ ಪದ್ಮನಾಭರಾಯರು, ಅಂದರೆ ಕೆ.ಪಿ. ರಾವ್ ಅವರು, ಕನ್ನಡದ ಧ್ವನಿಕ್ರಮಕ್ಕೆ ಒಪ್ಪುವ ಕೀಲಿಮಣೆಯನ್ನು ರೂಪಿಸಿದರು. ನಾವೆಲ್ಲ ಇಂದು ಬೆರಳಾಡಿಸುವುದು ಅದರ ಮೇಲೆಯೇ. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯವರು 1990ರ ದಶಕದಲ್ಲಿ ಸುಮಾರು ಮೂವತ್ತು ಲಕ್ಷ ಪದಗಳ ಕನ್ನಡ ಪಠ್ಯಭಂಡಾರವನ್ನು ಕೂಡಿಸಿದರು. ಆಗ ಅದು ದೊಡ್ಡ ರಾಶಿ. ಇಂದಿನ ಭಾಷಾಯಂತ್ರಗಳ ಹಸಿವಿಗೆ ಅದು ಒಂದು ತುತ್ತೂ ಅಲ್ಲ.

ಈಗ ಕಾಲ ಮತ್ತೊಮ್ಮೆ ತಿರುಗಿದೆ. ಕೇಂದ್ರ ಸರ್ಕಾರವು 2024ರ ಮಾರ್ಚಿಯಲ್ಲಿ ಕೃತಕ ಬುದ್ಧಿಯ ಕಾರ್ಯಕ್ಕೆಂದು 10,300 ಕೋಟಿ ರೂಪಾಯಿಗೂ ಮಿಕ್ಕ ಯೋಜನೆಗೆ ಒಪ್ಪಿಗೆ ಕೊಟ್ಟಿತು. ವಿಜ್ಞಾನ ಸಂಸ್ಥೆಯವರು ಗೂಗಲ್ಲಿನೊಡನೆ ಸೇರಿ ‘ವಾಣಿ’ ಎಂಬ ಹೆಸರಿನಲ್ಲಿ ಜಿಲ್ಲೆ ಜಿಲ್ಲೆಯ ಮಾತನ್ನು ಧ್ವನಿಮುದ್ರಿಸುವ ಕಾರ್ಯವನ್ನು ಕೈಗೊಂಡರು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಆ ಭಾಗದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಚಿತ್ರಿಸಿ, ಅಕ್ಷರಗಳ ಭಂಡಾರವನ್ನೇ ಕಟ್ಟತೊಡಗಿದರು. ಹಿಂದೆ ಗಣಕಕ್ಕೆ ನಮ್ಮ ವಿದ್ಯೆ ಬೇಕೆನ್ನಿಸಿರಲಿಲ್ಲ. ಈಗ ಅದು ಬದುಕುವುದೇ ಪಠ್ಯದಿಂದ. ಹೀಗಿರುವಾಗ ನಮ್ಮ ಪಠ್ಯಕ್ರಮಗಳನ್ನು ನೋಡಿ: ಕನ್ನಡ ಎಂ.ಎ. ಓದುವವನಿಗೆ ಗ್ರಂಥಸಂಪಾದನೆ ಇದೆ, ಛಂದಸ್ಸಿದೆ. ಹಳೆಯ ಪಠ್ಯವನ್ನು ಗಣಕಕ್ಕೆ ಹೇಗೆ ಶುದ್ಧವಾಗಿ ಒಪ್ಪಿಸಬೇಕೆಂಬ ಪಾಠ ಬೆರಳೆಣಿಕೆಯ ಕಡೆ ಇದ್ದರೆ ಇದ್ದೀತು. ಒಬ್ಬ ವಿದ್ಯಾರ್ಥಿ ನೂರು ಶಾಸನಗಳ ಪಾಠವನ್ನು ಕಲ್ಲಿನೊಡನೆ ಹೋಲಿಸಿ, ತಿದ್ದಿ, ಯಾರು ಬೇಕಾದರೂ ಬಳಸುವಂತೆ ಸಿದ್ಧಪಡಿಸಿಕೊಟ್ಟರೆ ಅದನ್ನು ಸಂಶೋಧನೆ ಎಂದು ನಮ್ಮ ಮಂಡಲಿಗಳು ಎಣಿಸಬೇಕು. ಈಗ ಅದನ್ನು ಗುಮಾಸ್ತಿಕೆ ಎನ್ನುತ್ತಾರೆ. ನೂರು ಪುಟಗಳ ವಿಮರ್ಶೆಗೆ ಪದವಿ ಸಿಗುತ್ತದೆ, ಒಂದು ‘ೞ’ಕಾರವನ್ನು ಉಳಿಸಿದ್ದಕ್ಕೆ ಸಿಗುವುದಿಲ್ಲ. ಈ ಕೆಲಸವನ್ನು ಎಂಜಿನಿಯರುಗಳು ಮಾಡಲಿ ಎಂದು ಬಿಟ್ಟರೆ ಅವರು ಮಾಡಿಯೇ ಮಾಡುತ್ತಾರೆ. ಬಾಳಿಗೂ ಬಾೞಿಗೂ ಭೇದ ಕಾಣದಿದ್ದರೆ ಅದು ಅವರ ತಪ್ಪಾಗುವುದಿಲ್ಲ.

ಇನ್ನೊಂದು ಮಾತು. ಕಾನ್ಪುರದ ಯಂತ್ರ ಸಾರ್ವಜನಿಕ ಸಂಸ್ಥೆಯದಾಗಿತ್ತು; ಅದರ ಮುಂದೆ ಸರದಿಯಲ್ಲಿ ನಿಲ್ಲುವ ಹಕ್ಕು ಮೇಷ್ಟರಿಗಿತ್ತು. ಇಂದಿನ ದೊಡ್ಡ ಯಂತ್ರಗಳಲ್ಲಿ ಬಹುಪಾಲು ಕಂಪನಿಗಳವು. ಅವು ನಮ್ಮ ಪಠ್ಯವನ್ನು ಪಡೆದು ನಮಗೇ ಮಾರುವ ದಿನ ಬಂದಾಗ, ಮೂಲ ಪ್ರತಿಯಾದರೂ ವಿಶ್ವವಿದ್ಯಾಲಯದ ಕೈಯಲ್ಲಿ, ಎಲ್ಲರಿಗೂ ತೆರೆದಂತೆ ಇರಬೇಡವೆ?

ಆ ಹುಡುಗಿಯ ಪ್ರಶ್ನೆಗೆ ಮೊನ್ನೆ ತರಗತಿಯಲ್ಲಿ ಉತ್ತರ ಕೊಟ್ಟೆ: ‘ಇಲ್ಲಮ್ಮ, ಯಾರೂ ಹೇಳಿಕೊಟ್ಟಿಲ್ಲ.’ ಈಗ ಶನಿವಾರ ಮಧ್ಯಾಹ್ನ ಅವಳೂ ಇನ್ನು ಮೂವರೂ ನಮ್ಮ ಮನೆಗೆ ಬರುತ್ತಾರೆ. ನನ್ನ ಹಳೆಯ ಪ್ರಬಂಧದ ರಟ್ಟು ಕಟ್ಟಿದ ಪ್ರತಿಯನ್ನೂ ಐದನೆಯ ಸಂಪುಟವನ್ನೂ ಅಕ್ಕಪಕ್ಕ ಇಟ್ಟುಕೊಂಡು ಮೊದಲಿನಿಂದ ಹೊಡೆಯುತ್ತಿದ್ದೇವೆ. ‘ೞ’ ಕೀಲಿಮಣೆಯಲ್ಲಿ ಎಲ್ಲಿದೆ ಎಂದು ಕಂಡುಹಿಡಿಯುವುದಕ್ಕೇ ಮೊದಲ ಶನಿವಾರ ಅರ್ಧ ಗಂಟೆ ಹಿಡಿಯಿತು. ಇಲ್ಲಿಯವರೆಗೆ ಹನ್ನೊಂದು ಪುಟಗಳಾಗಿವೆ.