ಹಳೆಯ ಹಾಡಿಗೊಂದು ತಕ್ಕಡಿ, ಹೊಸ ಹಾಡಿಗೊಂದು ತಕ್ಕಡಿ



ಈ ಸಲದ ಬರಹ ನೆನಪಿನ ಬುತ್ತಿಯಲ್ಲ, ಜಗಳದ ಬರಹ. ಜಗಳ ನಿಮ್ಮೊಡನೆಯೇ. ನಿಮ್ಮಲ್ಲಿ ಅನೇಕರು, ಅದರಲ್ಲೂ 2005ರಿಂದ 2010ರವರೆಗಿನ ವರ್ಷಗಳಲ್ಲಿ ದೇವದುರ್ಗದಲ್ಲಿ ನನ್ನಿಂದ ಕನ್ನಡ ಪಾಠ ಕೇಳಿದವರು, ರಘು ದೀಕ್ಷಿತರ ಹೊಸ ಹಾಡುಗಳ ಬಗ್ಗೆ ಆಡುತ್ತಿರುವ ಮಾತು ಬಹಳ ದಿನಗಳಿಂದ ನನ್ನ ಕಿವಿಗೆ ಬೀಳುತ್ತಿದೆ. ಮದುವೆಯ ಪಂಕ್ತಿಯಲ್ಲಾಗಲಿ, ಹಬ್ಬಕ್ಕೆ ಊರಿಗೆ ಬಂದವರು ರಾಯಚೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಾಗಲಾಗಲಿ, ತೀರ್ಪು ಒಂದೇ: “ಮೊದಲಿನ ಆಲ್ಬಮ್ಮಿನ ಗತ್ತು ಈಗಿನವಕ್ಕ ಇಲ್ಲ ಬಿಡ್ರಿ ಸರ.” ಹೊಸ ಹಾಡುಗಳನ್ನು ಎಷ್ಟು ಸಲ ಕೇಳಿದಿ ಎಂದು ವಿಚಾರಿಸಿದರೆ ಬರುವ ಉತ್ತರವೂ ಒಂದೇ: “ಒಮ್ಮೆ ಕೇಳೀನ್ರಿ, ಪೂರ್ತಿ ಅಲ್ಲ.”

ಈ ‘ಪೂರ್ತಿ ಅಲ್ಲ’ ಎಂಬ ಮಾತಿನ ಮೇಲೆಯೇ ನನ್ನ ತಕರಾರು.

ಸಂಗತಿಯ ಪರಿಚಯವಿಲ್ಲದ ಬಂಧುಗಳಿಗಾಗಿ ಎರಡು ಮಾತು ಹೇಳಬೇಕು. ರಘು ದೀಕ್ಷಿತರು ಮೈಸೂರಿನಲ್ಲಿ ಬೆಳೆದವರು; ಸೂಕ್ಷ್ಮಜೀವಿಶಾಸ್ತ್ರ ಓದಿದವರು; ಭರತನಾಟ್ಯ ಕಲಿತವರು. ಗಿಟಾರು ಹಿಡಿದು, ಪಂಚೆಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಜನಪದದ ಧಾಟಿಯನ್ನು ಪಾಶ್ಚಾತ್ಯ ರಾಕ್ ಸಂಗೀತದೊಡನೆ ಬೆರೆಸಿ ಹಾಡುವವರು. ಅವರ ತಂಡದ ಮೊದಲ ಆಲ್ಬಮ್ 2008ರಲ್ಲಿ ಬಂತು. ಎರಡನೆಯದಾದ ‘ಜಗ್ ಚಂಗಾ’ 2013ರಲ್ಲಿ. ಆಮೇಲೆ ‘ಶಕ್ಕರ್’ ಎಂಬ ಮೂರನೆಯ ಗುಚ್ಛದ ಹಾಡುಗಳು ಒಂದೊಂದಾಗಿ ಹೊರಬಂದವು. ಮೊದಲೆರಡರಲ್ಲಿಯೂ ಹಿಂದಿ ಹಾಡುಗಳ ನಡುವೆ ನಮ್ಮ ಶಿಶುನಾಳ ಶರೀಫರ ತತ್ತ್ವಪದಗಳಿವೆ. 2008ರದರಲ್ಲಿ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನಿಯ ಮಾಳಿಗಿ’. 2013ರದರಲ್ಲಿ ‘ಕೋಡಗನ ಕೋಳಿ ನುಂಗಿತ್ತ’, ‘ಲೋಕದ ಕಾಳಜಿ’. ಹಾಡುಗಾರ ಒಬ್ಬನೇ, ಕವಿ ಒಬ್ಬನೇ, ನಡುವೆ ಐದು ವರ್ಷ. ತೂಗಿ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಅನುಕೂಲ ಸಿಗಲಾರದು. ಆದರೆ ತೂಗಿದವರು ಯಾರು?

ನಿಮಗೆ 2008 ನೆನಪಿದೆಯೇ? ನನಗಿದೆ. ಆಗ ನೀವು ಮೊಬೈಲಿಗೆ ಈ ಹಾಡುಗಳನ್ನು ತುಂಬಿಸಿಕೊಂಡು ಬಂದು ಶಾಲೆಯ ಮೈದಾನದಲ್ಲಿ ಗುಂಪುಗೂಡಿ ಕೇಳುತ್ತಿದ್ದಿರಿ. ಶಿಕ್ಷಕರ ಕೊಠಡಿಯಲ್ಲಿ ಹಿರಿಯರು, ‘ಶರೀಫಜ್ಜನ ಪದಕ್ಕೆ ಗಿಟಾರು ಯಾಕೆ? ಅಶ್ವಥ್ ಹಾಡಿದ ಮೇಲೆ ಮುಗಿಯಿತು’ ಎಂದು ಮುಖ ಸಿಂಡರಿಸುತ್ತಿದ್ದರು. ನೀವು ಅವರಿಗೆ ಹೆದರಲಿಲ್ಲ. ಪಾಠದ ನಡುವೆ ಎದ್ದು ನಿಂತು, “ಸರ, ಪದ ಅದೇ ಐತಿ, ಧಾಟಿ ಬ್ಯಾರೆ ಆದ್ರ ಏನಾತ್ರಿ?” ಎಂದು ವಾದಿಸಿದಿರಿ. ಆ ಪ್ರಶ್ನೆಗೆ ಅಂದು ಯಾರೂ ಸರಿಯಾದ ಉತ್ತರ ಕೊಡಲಿಲ್ಲ. ಏಕೆಂದರೆ ಪ್ರಶ್ನೆ ಸರಿಯಾಗಿತ್ತು. ಇಂದು ಆ ಪ್ರಶ್ನೆ ಕೇಳಿದ ಬಾಯಿಗಳೇ, ‘2008ರಲ್ಲಿ ಹಾಡಿದ ಮೇಲೆ ಮುಗಿಯಿತು’ ಎನ್ನುತ್ತಿವೆ. ಅಂದಿನ ಹಿರಿಯರ ಕುರ್ಚಿಯಲ್ಲಿ ನೀವು ಬಂದು ಕುಳಿತಿದ್ದೀರಿ. ಮೂವತ್ತೆರಡು, ಮೂವತ್ತಮೂರರ ಪ್ರಾಯದಲ್ಲಿಯೇ!

ಇನ್ನೂ ಹಿಂದಕ್ಕೆ ಹೋಗೋಣ. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂತು. ಸಿ. ಅಶ್ವಥ್ ಅವರ ಸಂಗೀತ, ಅವರದೇ ಕಂಠ. ರಾಯಚೂರಿನ ತೀನ್ ಕಂದೀಲ್ ಸುತ್ತಿನ ಅಂಗಡಿಗಳಲ್ಲಿ ಆ ಕ್ಯಾಸೆಟ್ಟು ಮೊಳಗುತ್ತಿದ್ದ ಕಾಲದಲ್ಲಿ ನಾನೊಂದನ್ನು ಕೊಂಡು ಮಾನ್ವಿಗೆ ಒಯ್ದೆ. ಏಕತಾರಿ, ದಮ್ಮಡಿಗಳೊಡನೆ ತತ್ತ್ವಪದ ಕೇಳುತ್ತ ಬೆಳೆದ ನಮ್ಮ ಕಾಕಾ ಎರಡು ಹಾಡು ಕೇಳಿ, “ಏನೋ ತಮ್ಮಾ, ಇಂವ ಹಾಡ್ತಾನೋ ಒದರ್ತಾನೋ?” ಎಂದರು. ಪದವೆಂದರೆ ಒಳಗೊಳಗೇ ಗುನುಗುವಂಥದ್ದು, ಊರಿಗೆಲ್ಲ ಸಾರುವಂಥದ್ದಲ್ಲ ಎಂಬುದು ಅವರ ನಿಲುವು. ಯಾವ ಅಶ್ವಥ್ ಅವರನ್ನು ಮುಂದಿಟ್ಟುಕೊಂಡು 2008ರ ಹಿರಿಯರು ದೀಕ್ಷಿತರನ್ನು ಹಳಿದರೋ, ಆ ಅಶ್ವಥ್ ಅವರೇ ಅದಕ್ಕೂ ಹಿಂದಿನ ಹಿರಿಯರಿಗೆ ಹೊಸಬರಾಗಿದ್ದರು. ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಅವರ ದನಿಯನ್ನು ಯಾವ ಯಂತ್ರವೂ ಹಿಡಿದಿಡಲಿಲ್ಲ. ಆದ್ದರಿಂದ ‘ಮೂಲ ಧಾಟಿ’ ಎಂದು ನಾವು ಎದೆ ತಟ್ಟಿ ಹೇಳುವುದೆಲ್ಲ ನಾವು ಮೊದಲು ಕೇಳಿದ ಧಾಟಿ, ಅಷ್ಟೆ.

ನಮ್ಮ ಜಿಲ್ಲೆಯವರಿಗೆ ಇದನ್ನು ನಾನು ಹೇಳಿಕೊಡಬೇಕಾದ ಅಗತ್ಯವೇ ಇರಬಾರದಿತ್ತು. ಚೀಕಲಪರವಿಯ ವಿಜಯದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು, ದೇವದುರ್ಗ ತಾಲೂಕಿನ ಮೊಸರಕಲ್ಲಿನ ಗೋಪಾಲದಾಸರು ನಮ್ಮ ಮಣ್ಣಿನವರು. ಅವರ ಪದಗಳ ಸಾಹಿತ್ಯ ಉಳಿಯಿತು, ಅಂಕಿತ ಉಳಿಯಿತು. ಅವರು ಸ್ವತಃ ಹಾಡಿದ ಮಟ್ಟು ಉಳಿಯಲಿಲ್ಲ. ಪುರಂದರದಾಸರ ಬಹುಪಾಲು ದೇವರನಾಮಗಳ ಕಥೆಯೂ ಇದೇ. ಇಂದು ಒಂದೊಂದು ಮನೆತನ, ಒಂದೊಂದು ಭಜನಾ ಮಂಡಳಿ ಒಂದೊಂದು ಧಾಟಿಯಲ್ಲಿ ಹಾಡುತ್ತದೆ. ಪದ ಮುನ್ನೂರು ವರ್ಷ ಬಾಳಿದ್ದು ಪ್ರತಿ ತಲೆಮಾರೂ ಅದಕ್ಕೆ ತನ್ನ ದನಿ ಕೊಟ್ಟದ್ದರಿಂದ. ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರ ನಮ್ಮ ರಾಯಚೂರಿನಲ್ಲಿದೆ. ಅಂಥವರ ಕಛೇರಿಗೆ ಹೋದ ಒಬ್ಬ ರಸಿಕನಾದರೂ ‘ಹೋದ ವರ್ಷ ಹಾಡಿದಂತೆಯೇ ಈ ರಾಗ ಹಾಡಲಿಲ್ಲ’ ಎಂದು ಎದ್ದು ಬಂದದ್ದುಂಟೇ? ಹೋದ ವರ್ಷದಂತೆಯೇ ಹಾಡಿದ್ದರೆ ಅವನು ಬೇಸರಗೊಳ್ಳುತ್ತಿದ್ದ.

ಹಾಗಾದರೆ ತೂಗಬಾರದೇ? ಖಂಡಿತ ತೂಗಬೇಕು. ವಿಮರ್ಶೆ ಬಿಟ್ಟರೆ ಅಭಿಮಾನವು ಭಜನೆಯಾಗುತ್ತದೆ. ನನ್ನ ಆಕ್ಷೇಪ ತೂಕದ ಮೇಲಲ್ಲ, ತಕ್ಕಡಿಯ ಮೇಲೆ. ನೀವು ಹೊಲದ ಮಕ್ಕಳು. ಹತ್ತಿ, ಭತ್ತದ ಚೀಲ ಮಾರುಕಟ್ಟೆಗೆ ಹೋದಾಗ ತೂಕಕ್ಕೆ ಮೊದಲೇ ಚೀಲಕ್ಕೆ ಇಷ್ಟು ಎಂದು ಮುರಿದುಕೊಂಡರೆ ನಿಮ್ಮ ತಂದೆಯವರು ಎಷ್ಟು ಸಂಕಟಪಟ್ಟಿದ್ದಾರೆಂಬುದನ್ನು ಕಂಡವರು. ಹೊಸ ಹಾಡಿಗೆ ನೀವು ಮಾಡುತ್ತಿರುವುದು ಅದನ್ನೇ.

ಲೆಕ್ಕ ನೋಡಿ. 2008ರ ಆಲ್ಬಮ್ಮಿನಲ್ಲಿ ಇದ್ದದ್ದು ಕೆಲವೇ ಹಾಡು. ಕೇಳಲು ಬೇರೆ ಹೆಚ್ಚೇನೂ ಇರಲಿಲ್ಲವಾದ್ದರಿಂದ ಅವನ್ನೇ ನೂರಾರು ಸಲ ಕೇಳಿದಿರಿ. ಪರೀಕ್ಷೆಯ ಓದಿನ ನಡುವೆ, ಬಸ್ಸಿನ ಕಿಟಕಿಯ ಬಳಿ, ಗೆಳೆಯರು ಅಗಲಿದ ದಿನ ಕೇಳಿದಿರಿ. ಹಾಡಿನ ತೂಕಕ್ಕೆ ನಿಮ್ಮ ಹದಿನಾರರ ಪ್ರಾಯವೂ ಸೇರಿಕೊಂಡಿತು. ಈಗಿನ ಹಾಡನ್ನು ಕೇಳಿದ್ದು ಹೇಗೆ? ಬೆಂಗಳೂರಿನ ವಾಹನಸಂದಣಿಯಲ್ಲಿ, ಬೆರಳು ಪರದೆಯ ಮೇಲಿಟ್ಟುಕೊಂಡು, ಅರ್ಧ ನಿಮಿಷಕ್ಕೆ ಮುಂದಿನದಕ್ಕೆ ಹಾರುತ್ತ. ಒಂದು ಉತ್ತರಪತ್ರಿಕೆಯನ್ನು ನೂರು ಸಲ ಓದಿ, ಇನ್ನೊಂದರ ಮೊದಲ ಸಾಲು ಮಾತ್ರ ನೋಡಿ ನಾನು ಅಂಕ ಹಾಕಿದ್ದರೆ ನೀವು ಸುಮ್ಮನಿರುತ್ತಿದ್ದಿರೇ? ಮುಖ್ಯೋಪಾಧ್ಯಾಯರ ಕೊಠಡಿಯ ಮುಂದೆ ಧರಣಿ ಕೂರುತ್ತಿದ್ದಿರಿ; ನಾನು ಬಲ್ಲೆ.

ಅದಲ್ಲದೆ ನಿಮ್ಮ ಆಪಾದನೆಗಳು ಒಂದನ್ನೊಂದು ಹೊಡೆಯುತ್ತವೆ. ಒಬ್ಬ ‘ಅವರು ಬದಲಾಗಿಬಿಟ್ಟರು’ ಎನ್ನುತ್ತಾನೆ. ಅವನ ಪಕ್ಕದಲ್ಲಿ ಕುಳಿತವನು ‘ಅದದೇ ಹಾಡುತ್ತಿದ್ದಾರೆ’ ಎನ್ನುತ್ತಾನೆ. ಇಬ್ಬರೂ ಪರಸ್ಪರ ತಲೆದೂಗುತ್ತಾರೆ. ಬದಲಾದರೆ ದ್ರೋಹ, ಬದಲಾಗದಿದ್ದರೆ ಜಡತ್ವ. ಹೀಗೆ ಎರಡೂ ಬಾಗಿಲು ಹಾಕಿದ ಮನೆಯಿಂದ ಕಲಾವಿದ ಹೊರಬರುವುದು ಯಾವ ದಾರಿಯಿಂದ?

ಇದು ನಮ್ಮೊಬ್ಬರ ರೋಗವಲ್ಲ. ಅಮೆರಿಕದ ಬಾಬ್ ಡಿಲನ್ ಜನಪದ ಧಾಟಿಯ ಗಾಯಕನೆಂದು ಹೆಸರಾಗಿದ್ದವನು, 1965ರಲ್ಲಿ ನ್ಯೂಪೋರ್ಟಿನ ಜನಪದ ಉತ್ಸವದಲ್ಲಿ ವಿದ್ಯುತ್ ಗಿಟಾರು ಹಿಡಿದು ನಿಂತಾಗ ಸಭಿಕರಲ್ಲಿ ಹಲವರು ಕೂಗಿ ಅಬ್ಬರಿಸಿದರು. ಮರುವರ್ಷ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಒಬ್ಬ ಅಭಿಮಾನಿ ಅವನನ್ನು ‘ಜೂದಾಸ್’ ಎಂದು, ಅಂದರೆ ಗುರುದ್ರೋಹಿ ಎಂದು, ಕೂಗಿ ಕರೆದ. ಆದರೆ ಅಂದು ಬೈಗುಳ ತಿಂದ ಆ 1965-66ರ ಆಲ್ಬಮ್ಮುಗಳೇ ಮುಂದೆ ‘ಚಿನ್ನದ ಕಾಲ’ವೆನಿಸಿದವು, ಆಮೇಲೆ ಬಂದ ಪ್ರತಿಯೊಂದನ್ನೂ ಹೊಡೆಯಲು ಕೋಲಾದವು. ಆತ ಕೇಳಿಸಿಕೊಂಡು ಕೂರಲಿಲ್ಲ. 1997ರಲ್ಲಿ ಐವತ್ತಾರರ ಪ್ರಾಯದಲ್ಲಿ ತಂದ ‘ಟೈಮ್ ಔಟ್ ಆಫ್ ಮೈಂಡ್’ ವರ್ಷದ ಶ್ರೇಷ್ಠ ಆಲ್ಬಮ್ಮೆಂದು ಗ್ರ್ಯಾಮಿ ಪ್ರಶಸ್ತಿ ಪಡೆಯಿತು. 2016ರಲ್ಲಿ ನೊಬೆಲ್ ಬಂತು. 2020ರಲ್ಲಿ, ಎಪ್ಪತ್ತೊಂಬತ್ತರಲ್ಲಿ, ಮತ್ತೊಂದು ಆಲ್ಬಮ್. ಅರುವತ್ತರ ದಶಕದ ಅಭಿಮಾನಿಗಳ ಮಾತಿಗೆ ಆತ ಬಾಗಿದ್ದರೆ ಇವೊಂದೂ ಇರುತ್ತಿರಲಿಲ್ಲ.

ದೂರದ ಮಾತೇಕೆ? ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಮೊದಲು ಕಲಿತದ್ದು ಕರ್ನಾಟಕ ಸಂಗೀತ, ಅನಂತರ ಗ್ವಾಲಿಯರ್ ಗಾಯಕಿ. ಆಮೇಲೆ ಮಂಜೀಖಾನರಲ್ಲಿ, ಬುರ್ಜಿಖಾನರಲ್ಲಿ ಜಯಪುರ-ಅತ್ರೌಲಿ ಪದ್ಧತಿಯನ್ನು ಕಲಿತರು. ಹುಟ್ಟಿದ್ದು 1910ರ ಕೊನೆಯ ದಿನ, ಪದ್ಮಶ್ರೀ ಬಂದದ್ದು 1970ರಲ್ಲಿ, ಪದ್ಮವಿಭೂಷಣ 1992ರಲ್ಲಿ. ಅವರ ಕೀರ್ತಿ ದೇಶದ ತುಂಬ ಹಬ್ಬಿದ್ದು ಅರವತ್ತರ ಆಸುಪಾಸಿನಿಂದ ಆಚೆಗೆ. ತಾರುಣ್ಯದ ಧ್ವನಿಮುದ್ರಿಕೆಗಳನ್ನೇ ಅಳತೆಗೋಲು ಮಾಡಿ ಕೇಳುಗರು ಕಿವಿ ಮುಚ್ಚಿಕೊಂಡಿದ್ದರೆ ನಷ್ಟ ಯಾರಿಗಾಗುತ್ತಿತ್ತು?

ಈಗ ನೀವು, ‘ಸರ್ ಹೊಸದನ್ನೆಲ್ಲ ಹೊಗಳುತ್ತಾರೆ’ ಎನ್ನಬೇಡಿ. ನಾನೂ ತೂಗಿದ್ದೇನೆ. ನನ್ನ ತೀರ್ಪು ಹೀಗಿದೆ. ‘ಸೋರುತಿಹುದು’ ಅಜ್ಞಾನದ ಮನೆಯೊಳಗೆ ಸಿಕ್ಕಿಕೊಂಡವನ ಸಂಕಟದ ಪದ. 2008ರಲ್ಲಿ ದೀಕ್ಷಿತರು ಹಾಡಿದ ಅದರ ತೀವ್ರತೆಯನ್ನು 2013ರ ‘ಕೋಡಗನ ಕೋಳಿ’ ಮುಟ್ಟಲಿಲ್ಲ. ಅದು ಒಗಟಿನ ಪದ. ಒಗಟು ಬಿಡಿಸಿಕೊಳ್ಳಲು ಕೇಳುಗನಿಗೆ ಬಿಡುವು ಬೇಕು. ಅಬ್ಬರದಲ್ಲಿ ಆ ಬಿಡುವು ದೊರೆಯುವುದಿಲ್ಲ. ಆದರೆ ‘ಲೋಕದ ಕಾಳಜಿ’ 2008ರ ‘ಗುಡುಗುಡಿ’ಗಿಂತ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಲೋಕದ ಚಿಂತೆ ಹೊತ್ತಂತೆ ನಟಿಸುವವನನ್ನು ಶರೀಫರು ನಗುತ್ತ ಚುಚ್ಚುತ್ತಾರೆ. ಆ ನಗೆ ಹಾಡಿನಲ್ಲಿ ಕೇಳಿಸುತ್ತದೆ. ಲೆಕ್ಕ ಸಮಸಮ. ನೀವು ಒಪ್ಪಬೇಕಿಲ್ಲ. ಕೇಳಿ, ಕಾರಣ ಕೊಟ್ಟು, ನನ್ನನ್ನು ಖಂಡಿಸಿರಿ. ಕಾರಣವಿಲ್ಲದ ‘ಗತ್ತಿಲ್ಲ’ ಎಂಬ ಮಾತನ್ನು ಮಾತ್ರ ನಾನು ವಿಮರ್ಶೆಯೆಂದು ಒಪ್ಪಲಾರೆ.

ಒಬ್ಬ ಹೆಸರಾಂತ ಗಾಯಕನಿಗಾಗಿ ಇಷ್ಟು ಹೊಡೆದಾಟವೇಕೆ, ಅವರು ನಮ್ಮ ಮಾತಿನಿಂದ ಕೆಡುವವರಲ್ಲ ಎಂದು ನೀವು ಕೇಳಬಹುದು. ನಿಜ, ಅವರು ಕೆಡುವುದಿಲ್ಲ. ಕೆಡುವವರು ಬೇರೆ ಇದ್ದಾರೆ. ನಮ್ಮ ಕಡೆಯ ಒಂದು ಊರಿನಲ್ಲಿ ಒಳ್ಳೆಯ ಕಂಠದ ಹುಡುಗನೊಬ್ಬ ಶನಿವಾರದ ಭಜನೆಯಲ್ಲಿ ವಿಜಯದಾಸರ ಪದವೊಂದನ್ನು ತಾನೇ ಕೂಡಿಸಿದ ಧಾಟಿಯಲ್ಲಿ ಹಾಡಿದ. ತಾಳ ತಪ್ಪಿರಲಿಲ್ಲ, ಪದ ತಪ್ಪಿರಲಿಲ್ಲ. ಪದ ಮುಗಿಯುವ ಮೊದಲೇ ಹಿರಿಯರೊಬ್ಬರು, “ನಿಮ್ಮಜ್ಜ ಹಿಂಗ ಹಾಡ್ತಿದ್ದಿಲ್ಲಲೇ” ಎಂದು ಗದರಿಸಿ ಹಾರ್ಮೋನಿಯಂ ನಿಲ್ಲಿಸಿದರು. ಮುಂದಿನ ಶನಿವಾರ ಹುಡುಗ ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಈಗ ಆ ಭಜನೆಯಲ್ಲಿ ಕೂರುವವರು ಏಳು ಮಂದಿ, ಎಲ್ಲರೂ ನನ್ನ ವಯಸ್ಸಿನವರು ಅಥವಾ ನನಗಿಂತ ಹಿರಿಯರು. ಹಳೆಯ ಧಾಟಿಯನ್ನು ಅವರು ಉಳಿಸಿಕೊಂಡರು, ಹಾಡುವವನನ್ನು ಕಳೆದುಕೊಂಡರು. ಆ ಹಿರಿಯರು ಆಡಿದ್ದಕ್ಕೂ ನೀವು ನಮ್ಮ ಪಡಸಾಲೆಯಲ್ಲಿ ಆಡಿದ್ದಕ್ಕೂ ನನಗೆ ವ್ಯತ್ಯಾಸ ಕಾಣುತ್ತಿಲ್ಲ. ನಾಳೆ ನಿಮ್ಮ ಮಕ್ಕಳು ಹಾಡಲು ಬಾಯಿ ತೆರೆದಾಗಲೂ ನೀವು ಇದನ್ನೇ ಆಡುವಿರೆಂಬ ಭಯ ನನಗೆ.

ಆದ್ದರಿಂದ ಮನೆಗೆಲಸ ಕೊಡುತ್ತೇನೆ. ಒಂದು ಭಾನುವಾರ ಬಿಡುವು ಮಾಡಿಕೊಳ್ಳಿರಿ. 2008ರ ಎರಡು, 2013ರ ಎರಡು ಶರೀಫರ ಪದಗಳನ್ನು, ಹೊಸ ಹಾಡುಗಳಲ್ಲಿ ಎರಡನ್ನು, ಆರಂಭದಿಂದ ಕೊನೆಯವರೆಗೆ ಮೂರು ಸಲ ಕೇಳಿರಿ. ಅನಂತರ ಪ್ರತಿಯೊಂದರ ಬಗ್ಗೆ ಮೂರು ವಾಕ್ಯ ಬರೆದು ಕಳಿಸಿರಿ. ‘ಹಳೆಯ’, ‘ಹೊಸ’ ಎಂಬ ಎರಡು ಶಬ್ದಗಳನ್ನು ಬಳಸತಕ್ಕದ್ದಲ್ಲ. ಕಾಗುಣಿತ ತಪ್ಪಿದರೆ ಅಂಕ ಕಡಿತ, ಮೊದಲಿನಂತೆಯೇ.