ದೋಷವನ್ನು ಹುಡುಕುವ ವಿದ್ಯೆ

ಮನೆಯ ಕಂಪ್ಯೂಟರು ಕೆಟ್ಟಿತೆಂದೊಡನೆ ನಮ್ಮಲ್ಲಿ ಬಹುಮಂದಿ ಮಾಡುವ ಚಿಕಿತ್ಸೆಗಳು ಎರಡೇ. ಒಂದು, ಅದನ್ನು ಆರಿಸಿ ಮತ್ತೆ ಹಚ್ಚುವುದು. ಅದರಿಂದ ಗುಣ ಕಾಣದಿದ್ದರೆ, ಒಳಗಿರುವುದೆಲ್ಲವನ್ನೂ ಅಳಿಸಿ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವುದು. ಮೊದಲನೆಯದರಿಂದ ಸಾಮಾನ್ಯವಾಗಿ ಹೆಚ್ಚಿನ ಕೇಡಿಲ್ಲ. ಎರಡನೆಯದನ್ನು ಕಂಡಾಗಲೆಲ್ಲ, ನೆಗಡಿ ಬಂದಿತೆಂದು ಮೂಗನ್ನೇ ಕೊಯ್ದುಕೊಂಡವನ ಗಾದೆ ನೆನಪಿಗೆ ಬರುತ್ತದೆ. ಇದನ್ನು ಪರರ ಮೇಲಿನ ಹಾಸ್ಯವೆಂದು ವಾಚಕರು ತಿಳಿಯಬಾರದು. ಆ ಮೂಗು ಕೊಯ್ಯುವ ಚಿಕಿತ್ಸೆಯನ್ನು ನಾವೂ ಒಮ್ಮೆ ಮಾಡಿದವರೇ. ಅದರಿಂದ ಆದ ನಷ್ಟವನ್ನು ಮುಂದೆ ಹೇಳುವೆವು.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವುಂಟು. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಮುಂದಿನ ಆವೃತ್ತಿಯನ್ನು ನಡೆಸಲು ಬೇಕಾದ ಅಂಗಗಳಿಲ್ಲದ, ಆದರೆ ಇನ್ನೂ ಗಟ್ಟಿಯಾಗಿರುವ ಯಂತ್ರಗಳನ್ನು ಉಳಿಸಿಕೊಳ್ಳುವ ಒಂದು ದಾರಿ ಲಿನಕ್ಸ್. ೧೯೮೩ರಲ್ಲಿ ರಿಚರ್ಡ್ ಸ್ಟಾಲ್ಮನ್ನರು ಘೋಷಿಸಿದ ಗ್ನೂ ಯೋಜನೆಯ ಉಪಕರಣಗಳೂ, ೧೯೯೧ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸರು ಪ್ರಕಟಿಸಿದ ಕರ್ನಲ್ ಎಂಬ ತಿರುಳೂ ಕೂಡಿ ಬೆಳೆದ ಈ ವ್ಯವಸ್ಥೆಯನ್ನು ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ ಮೊದಲಾದ ಹೆಸರುಗಳಲ್ಲಿ ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು. ಆದರೆ ಬೆಲೆಯಿಲ್ಲದೆ ಬಂದ ವಸ್ತುವಿಗೂ ದೋಷಗಳು ಬರುವುವು. ಆಗ ಏನು ಮಾಡಬೇಕು?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು. ಲಿನಕ್ಸ್ ಕಂಪ್ಯೂಟರಿನ ದೋಷವನ್ನು ಹುಡುಕುವುದು ಯಾವುದೋ ಗುಪ್ತವಿದ್ಯೆಯಲ್ಲ. ಅದು ನಾವು ಕಾಲೇಜಿನಲ್ಲಿ ಕಲಿಸಬೇಕಾಗಿದ್ದು ಕಲಿಸದೆ ಬಿಟ್ಟಿರುವ ಪ್ರಯೋಗವಿಧಾನವೇ ಆಗಿದೆ. ಲಕ್ಷಣವನ್ನು ಗುರುತಿಸುವುದು, ಕಾರಣವನ್ನು ಊಹಿಸುವುದು, ಊಹೆಯನ್ನು ಪರೀಕ್ಷಿಸುವುದು, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು, ಆದುದನ್ನು ಬರೆದಿಡುವುದು—ಇಷ್ಟೇ ಅದರ ಸಾರ. ಕೆಲವು ಉದಾಹರಣೆಗಳಿಂದ ಇದನ್ನು ಸ್ಪಷ್ಟಪಡಿಸಬಹುದು.

ಒಂದೇ ಯಂತ್ರದಲ್ಲಿ ವಿಂಡೋಸನ್ನೂ ಲಿನಕ್ಸನ್ನೂ ಇಟ್ಟುಕೊಂಡವರು ಹೇಳುವ ದೂರೊಂದುಂಟು: ಗಡಿಯಾರ ತಪ್ಪು ಹೊತ್ತನ್ನು ತೋರುತ್ತದೆ. 'ತಪ್ಪು' ಎಂದು ಹೇಳಿ ನಿಲ್ಲಿಸಿದರೆ ಏನೂ ತಿಳಿಯದು. ಎಷ್ಟು ತಪ್ಪು ಎಂದು ಅಳೆಯಬೇಕು. ಅದು ಸರಿಯಾಗಿ ೫ ಗಂಟೆ ೩೦ ನಿಮಿಷವಾಗಿದ್ದರೆ ಕಾರಣವು ಆ ಅಂಕೆಯಲ್ಲಿಯೇ ಅಡಗಿದೆ. ಭಾರತದ ಕಾಲವನ್ನು ೮೨.೫ ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದೆ. ಭೂಮಿಯು ಗಂಟೆಗೆ ೧೫ ಡಿಗ್ರಿ ತಿರುಗುವುದರಿಂದ ವಿಶ್ವಕಾಲಕ್ಕೂ ನಮಗೂ ಐದೂವರೆ ಗಂಟೆಗಳ ಅಂತರ. ಯಂತ್ರದ ಒಳಗಡಿಯಾರದಲ್ಲಿ ವಿಂಡೋಸು ಸ್ಥಳೀಯ ಕಾಲವನ್ನು ಬರೆಯುತ್ತದೆ. ಲಿನಕ್ಸ್ ಅಲ್ಲಿರುವುದನ್ನು ಸಾಮಾನ್ಯವಾಗಿ ವಿಶ್ವಕಾಲವೆಂದು ಓದುತ್ತದೆ. ಬೆಳಗಿನ ೧೦ ಗಂಟೆ ಮಧ್ಯಾಹ್ನದ ೩-೩೦ ಆಗುವುದು ಹೀಗೆ. ಅಂತರಜಾಲದಿಂದ ಕಾಲವನ್ನು ಪಡೆದೊಡನೆ ತಪ್ಪು ಮರೆಯಾಗಬಹುದು. ಮರುದಿನ ಮತ್ತೆ ಕಾಣಿಸೀತು. ಎರಡಕ್ಕೂ ಒಂದೇ ಪದ್ಧತಿಯನ್ನು ಗೊತ್ತುಮಾಡಿದರೆ ರೋಗ ತೀರಿತು. ತಪ್ಪು ಹೀಗೆ ನಿಯತವಾಗಿರದೆ ದಿನಕ್ಕೊಂದು ಬಗೆಯಾಗಿದ್ದು, ಅದೂ ವಿದ್ಯುತ್ ಸಂಪರ್ಕವನ್ನು ತೆಗೆದು ಇಟ್ಟ ಮೇಲೆಯೇ ಕಾಣಿಸಿದರೆ, ಕಾರಣ ಬೇರೆ. ಒಳಗಿನ ೩ ವೋಲ್ಟಿನ ನಾಣ್ಯಾಕಾರದ ಬ್ಯಾಟರಿ ಸತ್ತಿರಬಹುದು. ಅಳತೆಯಲ್ಲಿ ನಿಯತ ದೋಷಕ್ಕೂ ಅನಿಯತ ದೋಷಕ್ಕೂ ಇರುವ ಭೇದವನ್ನು ಪಾಠದಲ್ಲಿ ಎಷ್ಟು ಸಲ ಹೇಳಿದರೂ ನಾಟದುದು ಈ ಒಂದು ಗಡಿಯಾರದಿಂದ ನಾಟೀತು.

ಎರಡನೆಯ ದೂರು: 'ಅಂತರಜಾಲ ಬರುತ್ತಿಲ್ಲ.' ಇದೂ ಅಪೂರ್ಣವಾದ ವಾಕ್ಯವೇ. ಕಂಪ್ಯೂಟರಿನಿಂದ ಮನೆಯ ರೂಟರಿಗೆ, ಅಲ್ಲಿಂದ ಸೇವೆ ಕೊಡುವವರಿಗೆ, ಅಲ್ಲಿಂದ ಹೊರಜಗತ್ತಿಗೆ ಹೋಗುವ ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದೆ? 'ಪಿಂಗ್' ಎಂಬ ಆಜ್ಞೆಯು ಯಾವುದಾದರೊಂದು ವಿಳಾಸವನ್ನು ಕೂಗಿ ಕರೆದು, ಅದು ಓಗೊಡುತ್ತದೆಯೆ ಎಂಬುದನ್ನು ತಿಳಿಸುತ್ತದೆ. ಮೊದಲು ರೂಟರನ್ನು ಕರೆಯಬೇಕು. ಅದು ಓಗೊಟ್ಟರೆ ಹೊರಗಿನ ಒಂದು ವಿಳಾಸವನ್ನು ಅದರ ಅಂಕೆಯಿಂದ ಕರೆಯಬೇಕು. ಅದೂ ಓಗೊಟ್ಟರೆ ಹೆಸರಿನಿಂದ ಕರೆಯಬೇಕು. ಅಂಕೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ, ದಾರಿ ಸರಿಯಾಗಿದೆ. ಹೆಸರನ್ನು ಅಂಕೆಗೆ ಬದಲಿಸಿಕೊಡುವ ವ್ಯವಸ್ಥೆ ಮಾತ್ರ ಕೆಟ್ಟಿದೆ. ರೂಟರೇ ಮೌನವಾಗಿದ್ದರೆ ಇತ್ತ ತಿರುಗಿ ನೋಡಬೇಕು. ವೈಫೈಯನ್ನು ಗುಂಡಿಯೊತ್ತಿ ಮುಚ್ಚಿರುವುದೂ ಉಂಟು. ಆ ಅಂಗಕ್ಕೆ ಬೇಕಾದ ಫರ್ಮ್‌ವೇರ್ ಇಲ್ಲದಿರುವುದೂ ಉಂಟು. ಮೊದಲನೆಯದನ್ನು 'ಆರ್‌ಎಫ್‌ಕಿಲ್' ಎಂಬ ಆಜ್ಞೆಯೂ, ಎರಡನೆಯದನ್ನು ವ್ಯವಸ್ಥೆಯ ದಿನಚರಿಯೂ ತಿಳಿಸುವುವು.

ಇದು ಮಂಡಲದಲ್ಲಿ ತಂತಿ ಕಡಿದಿರುವ ಸ್ಥಳವನ್ನು ವೋಲ್ಟ್‌ಮೀಟರಿನಿಂದ ಹುಡುಕುವ ಕ್ರಮವೇ ಅಲ್ಲವೆ? ಒಂದರ ಮುಂದೊಂದು ೧೬ ತುಂಡುಗಳಿದ್ದು ಅವುಗಳಲ್ಲಿ ಒಂದು ಕೆಟ್ಟಿದ್ದರೆ, ಮೊದಲಿನಿಂದ ಒಂದೊಂದನ್ನೇ ಪರೀಕ್ಷಿಸುವವನು ೧೫ ಸಲ ಅಳೆಯಬೇಕಾದೀತು. ನಡುವೆ ಇಬ್ಭಾಗ ಮಾಡುತ್ತ ಹೋಗುವವನಿಗೆ ೪ ಅಳತೆಗಳು ಸಾಕು. ಕರ್ನಲನ್ನು ಬರೆಯುವ ಪಂಡಿತರೂ ಇದನ್ನೇ ಮಾಡುವರು. ಹೊಸ ಆವೃತ್ತಿಯಲ್ಲಿ ಏನಾದರೂ ಕೆಟ್ಟರೆ ನಡುವಣ ಬದಲಾವಣೆಗಳನ್ನು ಇಬ್ಭಾಗಿಸುತ್ತ ತಪ್ಪಿತಸ್ಥವಾದುದನ್ನು ಹಿಡಿಯುವರು. ೧೦೦೦ ಬದಲಾವಣೆಗಳಿದ್ದರೂ ಸುಮಾರು ೧೦ ಪರೀಕ್ಷೆಗಳಲ್ಲಿ ಕೆಲಸ ಮುಗಿಯುತ್ತದೆ.

ಮೂರನೆಯದು ಹೆಚ್ಚು ಹೆದರಿಸುವ ದೋಷ. ಗುಪ್ತಪದವನ್ನು ಸರಿಯಾಗಿ ಕೊಟ್ಟರೂ ಯಂತ್ರವು ಕ್ಷಣಕಾಲ ಕತ್ತಲಾಗಿ ಮತ್ತೆ ಗುಪ್ತಪದವನ್ನೇ ಕೇಳುತ್ತದೆ. ಇಲ್ಲಿ ಅನೇಕರು ಕೈಚೆಲ್ಲುವರು. ಆದರೆ ಚಿತ್ರಮಯವಾದ ಪರದೆ ಕೆಟ್ಟಿತೆಂದ ಮಾತ್ರಕ್ಕೆ ವ್ಯವಸ್ಥೆಯೆಲ್ಲವೂ ಕೆಟ್ಟಿತೆಂದಲ್ಲ. ಕಂಟ್ರೋಲ್, ಆಲ್ಟ್, ಎಫ್೩ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬರಿಯ ಅಕ್ಷರಗಳ ಪರದೆಯೊಂದು ಸಾಮಾನ್ಯವಾಗಿ ತೆರೆಯುತ್ತದೆ. ಅಲ್ಲಿ 'ಡಿಎಫ್' ಎಂದು ಕೇಳಿದರೆ ಡಿಸ್ಕಿನ ಪ್ರತಿಯೊಂದು ವಿಭಾಗವೂ ಎಷ್ಟು ತುಂಬಿದೆಯೆಂಬ ಲೆಕ್ಕ ಬರುತ್ತದೆ. ಎಲ್ಲಿಯಾದರೂ ೧೦೦ ಪ್ರತಿಶತ ಎಂದಿದ್ದರೆ, ಒಂದು ಚಿಕ್ಕ ಕಡತವನ್ನೂ ಬರೆಯಲು ಜಾಗವಿಲ್ಲದೆ ಯಂತ್ರ ಹಿಂಜರಿಯುತ್ತಿದೆಯೆಂದು ಊಹಿಸಬಹುದು. ಹಳೆಯ ದಿನಚರಿಗಳನ್ನೂ ಬೇಡದ ಹಳೆಯ ಕರ್ನಲುಗಳನ್ನೂ ತೆಗೆದರೆ ಬಾಗಿಲು ತೆರೆದೀತು. ಡಿಸ್ಕು ತುಂಬಿಲ್ಲವಾದರೆ ಆ ಊಹೆಯನ್ನು ಕೈಬಿಟ್ಟು, ನಮ್ಮ ಕಡತಗಳ ಒಡೆತನ ಬೇರೆಯವರ ಹೆಸರಿಗೆ ಹೋಗಿದೆಯೆ, ಚಿತ್ರಫಲಕದ ಡ್ರೈವರು ಕೆಟ್ಟಿದೆಯೆ ಎಂದು ಮುಂದೆ ನೋಡಬೇಕು. ಒಂದೇ ಲಕ್ಷಣಕ್ಕೆ ಹಲವು ಕಾರಣಗಳಿರುವುದರಿಂದಲೇ ಅಳತೆ ಬೇಕು. ಜ್ವರವೆಂದರೆ ಒಂದೇ ರೋಗವೆ?

ಕನ್ನಡಿಗರಿಗೆ ವಿಶೇಷವಾಗಿ ಬರುವ ತೊಂದರೆಯೊಂದನ್ನೂ ಹೇಳಬೇಕು. ನಮ್ಮ ಸಹೋದ್ಯೋಗಿಗಳೊಬ್ಬರು ತಮ್ಮ ಹಳೆಯ ಕನ್ನಡ ಲೇಖನವನ್ನು ಲಿನಕ್ಸಿನಲ್ಲಿ ತೆರೆದು, ಅಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರವನ್ನು ಕಂಡು, 'ಇದಕ್ಕೆ ಕನ್ನಡ ಬಾರದು' ಎಂದು ತೀರ್ಪಿತ್ತರು. ಆದರೆ ಅಲ್ಲಿ ಬಂದಿದ್ದುದು ಖಾಲಿ ಚೌಕಗಳಲ್ಲ, ರೋಮನ್ ಅಕ್ಷರಗಳು. ಈ ಭೇದ ಮುಖ್ಯವಾದುದು. ಖಾಲಿ ಚೌಕಗಳು ಬಂದಿದ್ದರೆ ಕನ್ನಡದ ಫಾಂಟು ಇಲ್ಲವೆಂದರ್ಥ. ಅದನ್ನು ತಂದು ಹಾಕಿದರಾಯಿತು. ರೋಮನ್ ಅಕ್ಷರಗಳು ಬಂದರೆ ಬರಹವು ಯೂನಿಕೋಡಿಗಿಂತ ಹಿಂದಿನ ಪದ್ಧತಿಯದೆಂದು ತಿಳಿಯಬೇಕು. ಆ ಕಾಲದ ಫಾಂಟುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದುವು. ಯೂನಿಕೋಡಿನಲ್ಲಾದರೋ ಕನ್ನಡಕ್ಕೆಂದೇ ೧೨೮ ಸ್ಥಾನಗಳ ಪ್ರತ್ಯೇಕ ವಿಭಾಗವಿದೆ. ಆ ಲೇಖನಕ್ಕೆ ಬೇಕಾಗಿದ್ದುದು ಪರಿವರ್ತನೆ. ಯಂತ್ರದಲ್ಲಿ ದೋಷವೇ ಇರಲಿಲ್ಲ.

ಇನ್ನು ನಮ್ಮ ಮೂಗಿನ ಕಥೆ. ನಮ್ಮ ತಂದೆಯವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವರು. ಅವರ ಟಿಪ್ಪಣಿ ಪುಸ್ತಕಗಳಿಗೆ ಗೆದ್ದಲು ಹಿಡಿಯುತ್ತಿದ್ದುದನ್ನು ಕಂಡು ಪುಟಪುಟವನ್ನೂ ಸ್ಕ್ಯಾನ್ ಮಾಡಿ ನಮ್ಮ ಕಂಪ್ಯೂಟರಿನಲ್ಲಿ ಇಟ್ಟಿದ್ದೆವು. ಕೆಲವು ತಿಂಗಳುಗಳ ಮೇಲೆ ಯಂತ್ರ ವಿಪರೀತ ನಿಧಾನವಾಯಿತು. ವ್ಯವಸ್ಥೆ ಹಳತಾಯಿತೆಂದು ನಾವೇ ತೀರ್ಮಾನಿಸಿ, ಕಡತಗಳನ್ನು ಬೇರೆಡೆಗೆ ನಕಲು ಮಾಡತೊಡಗಿದೆವು. ನಡುವೆ ಎರಡು ಮೂರು ಸಲ ಪರದೆಯ ಮೇಲೆ ಏನೋ ಒಂದು ಸೂಚನೆ ಬಂದಿತು. ಅದನ್ನು ಓದದೆ, 'ಮುಂದೆ ಹೋಗು' ಎಂಬ ಗುಂಡಿಯನ್ನು ಒತ್ತಿದೆವು. ಆಮೇಲೆ ಡಿಸ್ಕನ್ನೆಲ್ಲ ಅಳಿಸಿ ಹೊಸದಾಗಿ ಲಿನಕ್ಸನ್ನು ಸ್ಥಾಪಿಸಿದೆವು.

ವಾರ ಕಳೆಯುವುದರೊಳಗೆ ಯಂತ್ರ ಮತ್ತೆ ನಿಧಾನವಾಯಿತು. ಆಗ ದಿನಚರಿಯನ್ನು ತೆಗೆದು ನೋಡಿದೆವು. ಡಿಸ್ಕಿನಿಂದ ಓದಲಾಗುತ್ತಿಲ್ಲವೆಂಬ ಸಾಲು ಮತ್ತೆ ಮತ್ತೆ ಬಂದಿತ್ತು. ಡಿಸ್ಕು ತನ್ನ ಆರೋಗ್ಯವನ್ನು ತಾನೇ ದಾಖಲಿಸುವ 'ಸ್ಮಾರ್ಟ್' ಎಂಬ ಪಟ್ಟಿಯೂ ಅದನ್ನೇ ಹೇಳಿತು. ಸಾಯುತ್ತಿದ್ದುದು ಡಿಸ್ಕು, ವ್ಯವಸ್ಥೆಯಲ್ಲ. ನಕಲುಗಳನ್ನು ಎಣಿಸಿದಾಗ ಕೊನೆಯ ಪುಸ್ತಕದ ಬಹುಭಾಗ ಅದರಲ್ಲಿರಲಿಲ್ಲ. ಮೂಲ ಪುಸ್ತಕವು ಆ ಹೊತ್ತಿಗೆ ಗೆದ್ದಲಿನ ಪಾಲಾಗಿತ್ತು. ಓದಲು ಬಾರದ ಭಾಗಗಳನ್ನು ಮತ್ತೆ ಮತ್ತೆ ಪ್ರಯತ್ನಿಸಿ ಎತ್ತುವ ಉಪಕರಣಗಳು ಲಿನಕ್ಸಿನಲ್ಲಿಯೇ ಇವೆ. ಅವುಗಳಿಂದ ಕೆಲವು ಪುಟಗಳಾದರೂ ದೊರೆಯುವ ಸಂಭವವಿತ್ತು. ಆ ಸಂಭವವನ್ನು ನಾವು ನಮ್ಮ ಕೈಯಾರ ಅಳಿಸಿದ್ದೆವು.

ತಂದೆಯವರಿಗೆ ಹೇಳಿದಾಗ ಅವರು ಕೋಪಗೊಳ್ಳಲಿಲ್ಲ. "ಹೋಗಲಿ ಬಿಡಪ್ಪ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಪರದೆಯ ಮೇಲೆ ಏನೋ ಬಂತು ಎಂದೆಯಲ್ಲ, ಅದರಲ್ಲಿ ಏನು ಬರೆದಿತ್ತು?" ಎಂದು ಕೇಳಿದರು. ಭೌತವಿಜ್ಞಾನದ ಅಧ್ಯಾಪಕರಾದ ನಮ್ಮಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಎಲ್ಲವನ್ನೂ ಅಳಿಸಿ ಸ್ಥಾಪಿಸುವುದರ ಕೇಡು ಇಲ್ಲಿಯೇ ಇದೆ. ಅದು ಒಮ್ಮೊಮ್ಮೆ ದೋಷವನ್ನು ತೆಗೆಯುತ್ತದೆ. ಸಾಕ್ಷ್ಯವನ್ನಂತೂ ಪ್ರತಿಸಲವೂ ತೆಗೆಯುತ್ತದೆ. ಅರ್ಥವರಿಯದ ಆಜ್ಞೆಗಳನ್ನು ಎಲ್ಲಿಂದಲೋ ನಕಲು ಮಾಡಿ ಹಾಕುವುದೂ ಇದರ ತಮ್ಮನೇ. 'ಸುಡೊ' ಎಂಬ ಪದವನ್ನು ಮುಂದಿಟ್ಟು ಕೊಟ್ಟ ಆಜ್ಞೆಗೆ ಯಂತ್ರದಲ್ಲಿ ಬಹುಮಟ್ಟಿಗೆ ತಡೆಯೇ ಇಲ್ಲ. ಈಗ ಕೃತಕ ಬುದ್ಧಿಯ ಯಂತ್ರಗಳೂ ಕೇಳಿದೊಡನೆ ಆಜ್ಞೆಗಳನ್ನು ಒದಗಿಸುವುವು. ತಪ್ಪಾದುದನ್ನೂ ಅಷ್ಟೇ ಧೈರ್ಯದಿಂದ ಹೇಳುವುವು. ಅವುಗಳನ್ನು ಕೇಳಬಾರದೆಂದು ನಾವು ಹೇಳುವುದಿಲ್ಲ. ಆದರೆ ಉತ್ತರವನ್ನು ಊಹೆಯೆಂದು ಎಣಿಸಿ, ಆಜ್ಞೆಯ ಒಂದೊಂದು ಪದವೂ ಏನು ಮಾಡುವುದೆಂದು 'ಮ್ಯಾನ್' ಎಂಬ ಒಳಗಿನ ಕೈಪಿಡಿಯಲ್ಲಿ ನೋಡಿದ ಮೇಲೆಯೇ ಬಳಸತಕ್ಕದ್ದು.

'ನಮಗೆ ಯಂತ್ರ ಬೇಕಾದುದು ಕೆಲಸಕ್ಕೆ, ಪ್ರಯೋಗಕ್ಕಲ್ಲ' ಎಂದು ಕೆಲವರು ಹೇಳಬಹುದು. ನ್ಯಾಯವಾದ ಮಾತು. ನಾಳೆ ಪರೀಕ್ಷೆಯಿರುವ ಹುಡುಗಿಗೆ ಇಂದು ರಾತ್ರಿ ದೋಷಶೋಧನೆಯ ಉಪದೇಶ ಮಾಡುವುದು ಕ್ರೌರ್ಯವೇ ಸರಿ. ಅಂಥವರು ಲಿನಕ್ಸನ್ನು ತುಂಬಿದ ಪೆನ್‌ಡ್ರೈವಿನಿಂದಲೇ ಯಂತ್ರವನ್ನು ಹಚ್ಚಿ, ಬೇಕಾದ ಕಡತಗಳನ್ನು ಎತ್ತಿಕೊಂಡು ಕೆಲಸ ಮುಂದುವರಿಸಬಹುದು. ದೋಷವು ರಜೆಯ ದಿನದವರೆಗೆ ಕಾದೀತು. ಎಷ್ಟು ಹುಡುಕಿದರೂ ಕೈಗೆ ಸಿಗದ ದೋಷಗಳೂ ಉಂಟು. ಕೆಲವು ಅಂಗಗಳಿಗೆ ಅವುಗಳ ತಯಾರಕರೇ ಲಿನಕ್ಸಿನ ನೆರವನ್ನು ಕೊಟ್ಟಿರುವುದಿಲ್ಲ. ಆದರೆ ಬಹುಪಾಲು ಮನೆಯ ತೊಂದರೆಗಳು ನಾವು ಮೇಲೆ ಹೇಳಿದ ಜಾತಿಯವು.

ಕೊನೆಗೆ ನಮ್ಮ ವೃತ್ತಿಬಾಂಧವರಲ್ಲಿ ಒಂದು ಬಿನ್ನಹ. ನಮ್ಮ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಯು ಲೋಲಕವನ್ನು ತೂಗಿಬಿಡುವ ಮೊದಲೇ ಉತ್ತರ ೯.೮ ಎಂಬುದನ್ನು ಬಲ್ಲನು. ಅಂಕೆಗಳನ್ನು ಅದಕ್ಕೆ ಸರಿಯಾಗಿ ಬಗ್ಗಿಸುವುದನ್ನೂ ಬಲ್ಲನು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅವನು ಎದುರಿಸುವುದೆಂದು? ಮೂಲೆಗೆ ಬಿದ್ದಿರುವ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ, ಅಧ್ಯಾಪಕನೇ ಒಂದೊಂದು ದೋಷವನ್ನು ಗುಟ್ಟಾಗಿ ಹೂಡಿ, ವಿದ್ಯಾರ್ಥಿಗಳ ಮುಂದಿಡಲಿ. ಲಕ್ಷಣ, ಊಹೆ, ಪರೀಕ್ಷೆ, ಫಲ ಎಂಬ ನಾಲ್ಕು ಕಲಮುಗಳ ದಾಖಲೆಯನ್ನು ಅವರು ಬರೆಯಲಿ. ಸುಳ್ಳಾದ ಊಹೆಗೂ, ಅದನ್ನು ಸುಳ್ಳೆಂದು ಕ್ರಮವಾಗಿ ತೋರಿಸಿದ್ದಕ್ಕೆ, ಅಂಕ ದೊರೆಯಲಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ಅನುದಾನವೂ ಬೇಡ.

ಮನೆಯಲ್ಲಿರುವ ವಾಚಕರಿಗೆ ಇಷ್ಟನ್ನೂ ಮಾಡುವ ಅಗತ್ಯವಿಲ್ಲ. ಮುಂದಿನ ಸಲ ಪರದೆಯ ಮೇಲೆ ಏನಾದರೂ ಬರೆದು ಬಂದಾಗ, ಗುಂಡಿಯನ್ನು ಒತ್ತುವ ಮೊದಲು ಒಂದು ಪೆನ್ಸಿಲನ್ನು ಹುಡುಕಿ, ಅದು ಇಂಗ್ಲಿಷಿನಲ್ಲಿದ್ದರೂ, ಅರ್ಥವಾಗದಿದ್ದರೂ, ಅಕ್ಷರಕ್ಕೆ ಅಕ್ಷರವಾಗಿ ಬರೆದುಕೊಳ್ಳಿರಿ.